ಕನ್ನಡ ಕೇಳಿದರೆ ರಸೀದಿ ಮರೆಯುತ್ತಿದ್ದೆ

ನಾನು ದುಬೈಗೆ ಬಂದಿದ್ದು 2014ರಲ್ಲಿ. ಊರು ಸಾಗರದ ಹತ್ತಿರ, ಕೆಲಸ ಅಕೌಂಟ್ಸ್. ಬಂದು ಎರಡು ವಾರ ಆಗಿತ್ತು. ಕರಾಮಾದ ಒಂದು ತರಕಾರಿ ಅಂಗಡಿಯಲ್ಲಿ ನಿಂತು ಅಮ್ಮನ ಜೊತೆ ಫೋನಲ್ಲಿ ಮಾತಾಡುತ್ತಿದ್ದೆ. ಫೋನ್ ಇಟ್ಟ ತಕ್ಷಣ ಹಿಂದಿನಿಂದ ಒಬ್ಬರು "ಯಾವೂರಾಯ್ತು ಮಾರಾಯ್ರೆ?" ಅಂದರು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಆ ಅಣ್ಣನೇ ನನಗೆ ಬೆಡ್ ಸ್ಪೇಸ್ ಕೊಡಿಸಿದರು. ಇಲ್ಲಿ ಒಂದು ಕೋಣೆಯಲ್ಲಿ ನಾಲ್ಕೈದು ಮಂಚ, ಒಂದೊಂದು ಮಂಚಕ್ಕೆ ಒಬ್ಬೊಬ್ಬರ ಬಾಡಿಗೆ. ತಿಂಗಳಿಗೆ 850 ದಿರ್ಹಮ್, ಮೇಲೆ 500 ಡೆಪಾಸಿಟ್. ಕೈಯಲ್ಲೇ ಕೊಟ್ಟೆ. ರಸೀದಿ ಕೇಳಲಿಲ್ಲ. ಕೇಳಿದರೆ ಏನಂದುಕೊಂಡಾರು ಅನ್ನೋ ಸಂಕೋಚ.

ಮೂರನೇ ವಾರ ನಾತೂರ್ ಬಾಗಿಲು ಬಡಿದ. ಕಟ್ಟಡದ ಕಾವಲುಗಾರನಿಗೆ ಇಲ್ಲಿ ಹಾಗನ್ನುತ್ತಾರೆ. ಅವನ ಹಿಂದೆ ಮಾಲೀಕರ ಕಡೆಯವರು. ಮನೆಯ ಕರಾರು ಆ ಅಣ್ಣನ ಹೆಸರಲ್ಲೇ ಇರಲಿಲ್ಲ. ದುಬೈಯಲ್ಲಿ ಬಾಡಿಗೆ ಕರಾರನ್ನು 'ಇಜಾರಿ' ಅಂತ ಸರ್ಕಾರದಲ್ಲಿ ನೋಂದಾಯಿಸಬೇಕು. ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಬಾಡಿಗೆದಾರ ಇನ್ನೊಬ್ಬರಿಗೆ ಬಾಡಿಗೆ ಕೊಡುವ ಹಾಗಿಲ್ಲ. 2007ರ ಬಾಡಿಗೆ ಕಾನೂನಲ್ಲೇ ಇದು ಇದೆ. ನಮಗೆ ಇದೆಲ್ಲ ಗೊತ್ತಾಗಿದ್ದು ಪೆಟ್ಟಿಗೆ ಸಮೇತ ಲಿಫ್ಟ್ ಮುಂದೆ ನಿಂತಾಗ. ಅಣ್ಣನ ಫೋನ್ ಸ್ವಿಚ್ ಆಫ್.

1350 ದಿರ್ಹಮ್ ಹೋಗಿದ್ದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಇನ್ನೊಂದಕ್ಕೆ. ಅದೇ ದುಡ್ಡನ್ನು ಗುರುತಿಲ್ಲದ ಬೇರೆ ದೇಶದವನು ಕೇಳಿದ್ದರೆ ನಾನು ಹತ್ತು ಪ್ರಶ್ನೆ ಹಾಕುತ್ತಿದ್ದೆ. ಆಫೀಸಲ್ಲಿ ಟ್ಯಾಕ್ಸಿ ಬಿಲ್ಲಿಗೂ ಸಹಿ ಕೇಳುವವನು ನಾನು!

ಅಲ್ಲಿಗೆ ಬುದ್ಧಿ ಬಂತು ಅಂದುಕೊಂಡರೆ ತಪ್ಪು. ದೊಡ್ಡ ಪೆಟ್ಟು ಬಿದ್ದಿದ್ದು 2022ರ ಕೊನೆಯಲ್ಲಿ.

ಊರಿಗೆ ದುಡ್ಡು ಕಳಿಸುವ ಎಕ್ಸ್‌ಚೇಂಜ್ ಹೌಸ್‌ಗಳಲ್ಲಿ ಆಗ ದಿರ್ಹಮ್‌ಗೆ 22 ರೂಪಾಯಿ ಚಿಲ್ಲರೆ ಇತ್ತು. ನಮ್ಮವರದೇ ಒಂದು ಹಬ್ಬದ ಊಟದಲ್ಲಿ ಪರಿಚಯವಾದವರೊಬ್ಬರು, "ಎಕ್ಸ್‌ಚೇಂಜ್‌ಗೆ ಸುಮ್ನೆ ಯಾಕೆ ಹೋಗ್ತೀರಿ? ನಾನು 30 ಪೈಸೆ ಜಾಸ್ತಿ ಕೊಡ್ತೀನಿ. ದಿರ್ಹಮ್ ಇಲ್ಲಿ ನನಗೆ ಕೊಡಿ, ರೂಪಾಯಿ ಅಲ್ಲಿ ಅಮ್ಮನ ಖಾತೆಗೆ ಹಾಕಿಸ್ತೀನಿ" ಅಂದರು. ಐದು ಸಾವಿರ ದಿರ್ಹಮ್‌ಗೆ ಒಂದೂವರೆ ಸಾವಿರ ರೂಪಾಯಿ ಉಳಿತಾಯ. ಕೊಟ್ಟೆ. ಅರ್ಧ ಗಂಟೆಯಲ್ಲಿ ಅಮ್ಮನ ಖಾತೆಗೆ ದುಡ್ಡು ಬಂತು, ಮೂರು ಕಂತಿನಲ್ಲಿ, ಮೂರು ಬೇರೆ ಬೇರೆ ಹೆಸರಿನಿಂದ. ಆ ಹೆಸರುಗಳನ್ನು ನೋಡಿದಾಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಮೋಸ ಆಗಲಿಲ್ಲವಲ್ಲ ಅಂತ ಖುಷಿಯಾಯಿತು.

ಎರಡು ತಿಂಗಳಾದ ಮೇಲೆ ಅಮ್ಮ ಫೋನ್ ಮಾಡಿದರು. ಎಟಿಎಂನಲ್ಲಿ ದುಡ್ಡು ಬರ್ತಿಲ್ಲ ಅಂತ. ಅಪ್ಪ ಬ್ಯಾಂಕಿಗೆ ಹೋಗಿ ವಿಚಾರಿಸಿದರೆ ಖಾತೆ ಫ್ರೀಜ್ ಆಗಿತ್ತು. ಬಂದ ಮೂರು ಕಂತಿನಲ್ಲಿ ಒಂದು, ಬೇರೆ ರಾಜ್ಯದಲ್ಲಿ ಯಾರಿಗೋ ಆನ್‌ಲೈನ್‌ನಲ್ಲಿ ಟೋಪಿ ಹಾಕಿದ ದುಡ್ಡು. ಕಳಕೊಂಡವರು ಸೈಬರ್ ಪೊಲೀಸರಿಗೆ ದೂರು ಕೊಟ್ಟಿದ್ದರು. ದುಡ್ಡು ಎಲ್ಲೆಲ್ಲಿ ಹರಿದಿದೆಯೋ ಆ ಖಾತೆಗಳನ್ನೆಲ್ಲ ಹುಡುಕಿ ತಡೆಯುತ್ತಾ ಬಂದಿದ್ದರು. ಅರವತ್ತೈದು ದಾಟಿದ ಅಮ್ಮ, ಆ ಊರಿನ ಹೆಸರನ್ನೂ ಕೇಳದವರು, ಅಲ್ಲಿನ ಠಾಣೆಗೆ ವಿವರಣೆ ಕೊಡಬೇಕಾಯಿತು.

ವಿವರಣೆಯಾದರೂ ಏನು ಕೊಡುವುದು? ಎಕ್ಸ್‌ಚೇಂಜ್ ಹೌಸ್‌ನಿಂದ ಕಳಿಸಿದ್ದರೆ ರಸೀದಿ ಇರುತ್ತಿತ್ತು. ನಾನು ಮಾಡಿದ್ದಕ್ಕೆ ಇರುವುದು ಒಂದೇ ಹೆಸರು, ಹವಾಲಾ. ತಪ್ಪು ನನ್ನ ಕಡೆಯೂ ಇತ್ತು. ಖಾತೆ ಬಿಡಿಸಲು ಏಳು ತಿಂಗಳು, ಒಬ್ಬ ವಕೀಲರು, ಅಪ್ಪನ ಎಷ್ಟೋ ಓಡಾಟ. ದುಡ್ಡು ಹಾಕಿಸಿದ ಆ ಪರಿಚಯದವರನ್ನು ಕೇಳಿದರೆ "ನನಗೂ ಮೇಲಿನವರು ಕೊಟ್ಟಿದ್ದು ಸಾರ್" ಅಂದರು. ಅದು ನಿಜವೂ ಇರಬಹುದು.

ಅಲ್ಲಿಂದ ನಾನು ಒಂದು ಅಭ್ಯಾಸ ಮಾಡಿಕೊಂಡೆ. ದುಡ್ಡಿನ ಮಾತು ಬಂದರೆ ಮನಸ್ಸಿನಲ್ಲೇ ಎದುರಿನವರ ಭಾಷೆ ಬದಲಾಯಿಸುತ್ತೇನೆ. ಇದೇ ಮಾತನ್ನು ಇವರು ನನಗೆ ಗೊತ್ತಿಲ್ಲದ ಭಾಷೆಯಲ್ಲಿ ಹೇಳಿದ್ದರೆ ಏನು ಕೇಳುತ್ತಿದ್ದೆ? ಅದನ್ನೇ ಇವರಿಗೂ ಕೇಳುತ್ತೇನೆ. ಕನ್ನಡದಲ್ಲಿ, ನಗುತ್ತಾ.

ಕಷ್ಟ ಇರುವುದು ಈ ಕೇಳುವುದರಲ್ಲೇ. "ನಮ್ಮವರ ಮೇಲೇ ನಂಬಿಕೆ ಇಲ್ವಾ?" ಅಂದುಬಿಟ್ಟರೆ ಬಾಯಿ ಕಟ್ಟುತ್ತದೆ. ಅದಕ್ಕೆ ನಾನೊಂದು ಉತ್ತರ ಇಟ್ಟುಕೊಂಡಿದ್ದೇನೆ. "ನಂಬಿಕೆ ಇದೆ ಸಾರ್, ಆದ್ರೆ ನಾನು ಲೆಕ್ಕ ಬರೆಯೋನು. ರಸೀದಿ ಇಲ್ಲದಿದ್ರೆ ನಿದ್ದೆ ಬರಲ್ಲ." ತಪ್ಪು ನನ್ನ ಚಟದ್ದಾಗುತ್ತದೆ, ಅವರ ಮೇಲಿನ ಅನುಮಾನ ಆಗುವುದಿಲ್ಲ. ಸರಿಯಾದವರು ನಕ್ಕು ಕಾಗದ ಕೊಡುತ್ತಾರೆ. ಕೆಲವರು ಆಮೇಲೆ ಫೋನೇ ಮಾಡುವುದಿಲ್ಲ.

ಚೀಟಿಗೆ ಸೇರುವುದಿಲ್ಲ. ಇಲ್ಲಿನ ಗುರುತಿನ ಕಾರ್ಡ್ ಆದ ನನ್ನ ಎಮಿರೇಟ್ಸ್ ಐಡಿ ಮೇಲೆ ಯಾರಿಗೂ ಸಿಮ್ ತೆಗೆಸಿಕೊಡುವುದಿಲ್ಲ, ಸಾಲಕ್ಕೆ ಸಹಿ ಹಾಕುವುದಿಲ್ಲ. ಇದರಲ್ಲಿ ಚರ್ಚೆ ಇಲ್ಲ.

ಊರಿನಿಂದ ಹುಡುಗರು ವೀಸಾ ಬಗ್ಗೆ ಕೇಳುತ್ತಲೇ ಇರುತ್ತಾರೆ. ಯಾರೋ ನಮ್ಮವರು 'ಆಜಾದ್ ವೀಸಾ' ಕೊಡಿಸ್ತಾರಂತೆ, ಎರಡು ಲಕ್ಷ ಅಂತೆ. ಎಲ್ಲಿ ಬೇಕಾದರೂ ಕೆಲಸ ಮಾಡಬಹುದಾದ ಅಂಥ ವೀಸಾ ಕಾನೂನಿನಲ್ಲಿ ಇಲ್ಲ. ಯಾವುದೋ ಕಂಪನಿಯ ಹೆಸರಲ್ಲಿ ವೀಸಾ, ಕೆಲಸ ಇನ್ನೆಲ್ಲೋ. ಸಿಕ್ಕಿಬಿದ್ದರೆ ಹುಡುಗನಿಗೇ ಗ್ರಹಚಾರ. ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲಿ ಮಾಡಬಾರದು ಅಂತ 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಇಲ್ಲಿನ ಕಾರ್ಮಿಕ ಕಾನೂನು ಹೇಳುತ್ತದೆ. ಭಾರತದಲ್ಲಿ ನೋಂದಾಯಿತ ಏಜೆಂಟ್ ಕೂಡ ತನ್ನ ಸೇವೆಗೆ 30 ಸಾವಿರ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲ. ಏಜೆಂಟ್ ಹೆಸರು ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಇದೆಯಾ ನೋಡು ಅಂತ ಮೊದಲು ಹೇಳುತ್ತೇನೆ. ಇಲ್ಲಿಗೆ ಬಂದು ಸಿಕ್ಕಿಹಾಕಿಕೊಂಡವರಿಗೆ ಭಾರತೀಯ ಕಾನ್ಸುಲೇಟ್‌ನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರ್ ಕೊಡುತ್ತೇನೆ, 800 46342. ಕೆಲವರು ಕೇಳುತ್ತಾರೆ. ಕೆಲವರಿಗೆ ನಾನೇ ದಾರಿಗೆ ಅಡ್ಡ ಬರುವ ಹೊಟ್ಟೆಕಿಚ್ಚಿನವನು.

ಕಳೆದ ವರ್ಷ ಮಾಲೀಕರ ಒಪ್ಪಿಗೆ ಪತ್ರ ತಗೊಂಡು ನನ್ನ ಮನೆಯ ಒಂದು ಕೋಣೆಯನ್ನು ತೀರ್ಥಹಳ್ಳಿ ಕಡೆಯ ಹುಡುಗನಿಗೆ ಬಾಡಿಗೆಗೆ ಕೊಟ್ಟೆ. ಚಹಾ ಕುಡಿದು, ಅಪ್ಪೆಮಿಡಿ ಉಪ್ಪಿನಕಾಯಿಯ ಸುದ್ದಿ ಎಲ್ಲ ಮುಗಿದ ಮೇಲೆ ಅವನು ಲೋಟ ಕೆಳಗಿಟ್ಟು, "ಅಣ್ಣ, ಬೇಜಾರು ಮಾಡ್ಕೋಬೇಡಿ, ಇಜಾರಿ ಒಂದ್ಸಲ ತೋರಿಸ್ತೀರಾ?" ಅಂದ. ನಿಜ ಹೇಳಬೇಕೆಂದರೆ ಒಂದು ಕ್ಷಣ ಚುರುಕ್ ಅಂತು. ಫೋನ್ ತೆಗೆದು ತೋರಿಸಿದೆ. ಅವನು ಹೆಸರು, ಫ್ಲ್ಯಾಟ್ ನಂಬರ್, ಕೊನೆಯ ತಾರೀಕು ಎಲ್ಲ ಓದಿದ. ಆಮೇಲೆ ಒಪ್ಪಿಗೆ ಪತ್ರವನ್ನೂ ಕೇಳಿದ.