ಲಿಸ್ಟ್ ಬಾಕ್ಸ್‌ನಲ್ಲಿ ಹೆಸರು ಆರಿಸಿ, ರಶೀದಿ ಫಾರ್ಮ್ ತುಂಬಿಸಿ

ಚಿಕ್ಕಮಗಳೂರಿನ ಕಾಫಿ ಖರೀದಿದಾರರು ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ ಆ್ಯಕ್ಸೆಸ್‌ನಲ್ಲಿ ರಶೀದಿ ಮಾಡುವಾಗ ಬೆಳೆಗಾರರ ಊರು, ಫೋನ್ ನಂಬರನ್ನು ಪ್ರತಿ ಸಲ ಟೈಪ್ ಮಾಡಬೇಕಿಲ್ಲ.

ಬೆಳೆಗಾರರ ಪಟ್ಟಿ ತೋರಿಸುವ ಲಿಸ್ಟ್ ಬಾಕ್ಸ್‌ನ ರೋ ಸೋರ್ಸ್‌ಗೆ (ಪಟ್ಟಿಯ ಮೂಲ) ಐಡಿ, ಹೆಸರು, ಊರು, ಫೋನ್ ಇದೇ ಕ್ರಮದಲ್ಲಿ ಟೇಬಲ್‌ನಿಂದ ತೆಗೆದುಕೊಡುವ ಕ್ವೆರಿ ಕೊಡಿ. ಕಾಲಮ್ ಕೌಂಟ್ 4, ಬೌಂಡ್ ಕಾಲಮ್ (ಲಿಸ್ಟ್ ಬಾಕ್ಸ್‌ನ ಮೌಲ್ಯವಾಗುವ ಕಾಲಮ್) 1. ಕಾಲಮ್ ವಿಡ್ತ್ಸ್‌ನಲ್ಲಿ ಮೊದಲನೆಯದು 0 ಇದ್ದರೆ ಐಡಿ ಕಣ್ಣಿಗೆ ಬೀಳುವುದಿಲ್ಲ. ಒಂದಕ್ಕಿಂತ ಹೆಚ್ಚು ಹೆಸರು ಆರಿಸಲು ಬಿಡುವ ಮಲ್ಟಿ ಸೆಲೆಕ್ಟ್ 'ನನ್' (None) ಆಗಿರಲೇಬೇಕು. ಇಲ್ಲದಿದ್ದರೆ ಲಿಸ್ಟ್ ಬಾಕ್ಸ್‌ನ ಮೌಲ್ಯ ಸದಾ ನಲ್, ಅಂದರೆ ಖಾಲಿ.

ಊರಿನ ಟೆಕ್ಸ್ಟ್ ಬಾಕ್ಸ್‌ನ ಕಂಟ್ರೋಲ್ ಸೋರ್ಸ್‌ನಲ್ಲಿ ಸಮ ಚಿಹ್ನೆ, ಲಿಸ್ಟ್ ಬಾಕ್ಸ್‌ನ ಹೆಸರು, ಚುಕ್ಕೆ, ಕಾಲಮ್, ಆವರಣದಲ್ಲಿ 2 ಎಂದು ಬರೆಯಿರಿ. ಹೆಚ್ಚಿನವರು ಎಡವುವುದು ಇಲ್ಲೇ: ಬೌಂಡ್ ಕಾಲಮ್‌ನ ಎಣಿಕೆ 1ರಿಂದ, ಚುಕ್ಕೆಯ ನಂತರ ಬರೆಯುವ ಕಾಲಮ್‌ನ ಎಣಿಕೆ 0ಯಿಂದ. ಮೂರನೆಯದಾದ ಊರಿಗೆ 3 ಹಾಕಿದರೆ ಮೂಡಿಗೆರೆ ಬರಬೇಕಾದ ಕಡೆ ಫೋನ್ ನಂಬರ್ ಬರುತ್ತದೆ. ಕಾಲಮ್ ಕೌಂಟ್ ಕಡಿಮೆ ಕೊಟ್ಟಿದ್ದರೆ ಜಾಗ ಖಾಲಿ.

ಹೀಗೆ ಬಂದದ್ದು ತೋರಿಕೆಗಷ್ಟೇ, ಟೇಬಲ್‌ಗೆ ಸೇವ್ ಆಗುವುದಿಲ್ಲ. ಊರು, ಫೋನ್‌ಗೆ ಅದೇ ಸರಿ; ರಶೀದಿಯಲ್ಲಿ ಐಡಿ ಇದ್ದರೆ ಸಾಕು. ಆದರೆ 50 ಕೆಜಿ ಚೀಲದ ದರ ಹಾಗಲ್ಲ. ರೊಬಸ್ಟಾ ಚೆರಿ ಎಂಬ ಕಾಫಿ ವಿಧದ ಇವತ್ತಿನ ದರ ನಾಳೆ ಬದಲಾದರೂ ಹಳೆಯ ರಶೀದಿ ಬದಲಾಗಬಾರದು. ಆದ್ದರಿಂದ ದರದ ಟೆಕ್ಸ್ಟ್ ಬಾಕ್ಸನ್ನು ರಶೀದಿ ಟೇಬಲ್‌ನ ಫೀಲ್ಡ್‌ಗೆ ಜೋಡಿಸಿ, ಕಾಫಿ ವಿಧ ಆರಿಸುವ ಇನ್ನೊಂದು ಲಿಸ್ಟ್ ಬಾಕ್ಸ್‌ನ ಆಫ್ಟರ್ ಅಪ್‌ಡೇಟ್ ಈವೆಂಟ್‌ನಲ್ಲಿ (ಆಯ್ಕೆ ಮಾಡಿದ ಮೇಲೆ ನಡೆಯುವುದು) ದರದ ಕಾಲಮನ್ನು ಅದಕ್ಕೆ ತುಂಬಿಸಿ.

ಬೇರೆ ರಶೀದಿಗೆ ಹೋದರೂ ಹಳೆಯ ಹೆಸರೇ ನಿಂತಿದ್ದರೆ ಬೆಳೆಗಾರರ ಲಿಸ್ಟ್ ಬಾಕ್ಸ್ ಅನ್‌ಬೌಂಡ್ ಆಗಿದೆ, ಅಂದರೆ ಯಾವ ಫೀಲ್ಡ್‌ಗೂ ಜೋಡಿಸಿಲ್ಲ ಎಂದರ್ಥ. ಅದರ ಕಂಟ್ರೋಲ್ ಸೋರ್ಸ್‌ಗೆ ರಶೀದಿ ಟೇಬಲ್‌ನ ಬೆಳೆಗಾರ ಐಡಿ ಕೊಡಿ.