ಛೇದದಲ್ಲಿ ಯಾರಿದ್ದಾರೆ? ಜನಗಣತಿ ಮತ್ತು ಆದಾಯದ ಕೋಷ್ಟಕಗಳನ್ನು ನಾನು ಓದುವ ಬಗೆ

2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇ 75.36. ಅದೇ ಜನಗಣತಿಯ ಕೋಷ್ಟಕ ಇಳಿಸಿಕೊಂಡು ಕೈಯಾರೆ ಲೆಕ್ಕ ಹಾಕಿದವರಿಗೆ ಎಷ್ಟೋ ಸಲ ಶೇ 66.53 ಬರುತ್ತದೆ. ಸಾಕ್ಷರರು 4,06,47,322, ಒಟ್ಟು ಜನ 6,10,95,297. ಇವೆರಡನ್ನು ಭಾಗಿಸಿದರೆ ಬರುವುದು ಅಷ್ಟೇ. ಆದರೆ ಸಾಕ್ಷರತೆಯ ಪ್ರಮಾಣ ಏಳು ವರ್ಷ ತುಂಬಿದವರಿಗೆ ಮಾತ್ರ ಅನ್ವಯ. ಆರು ವರ್ಷದವರೆಗಿನ 71,61,033 ಮಕ್ಕಳನ್ನು ಕಳೆದು, ಉಳಿದ 5,39,34,264ರಿಂದ ಭಾಗಿಸಿದರೆ 75.36 ಸರಿಯಾಗಿ ಕೂರುತ್ತದೆ. ಹತ್ತಿರ ಹತ್ತಿರ ಒಂಬತ್ತು ಶೇಕಡಾ ಅಂಶದಷ್ಟು ವ್ಯತ್ಯಾಸ, ಅದೂ ಛೇದ, ಅಂದರೆ ಭಾಗಿಸುವ ಕೆಳಗಿನ ಸಂಖ್ಯೆ, ಬದಲಾದದ್ದರಿಂದ ಮಾತ್ರ. ಹಾಗಾಗಿ ಯಾವ ಕೋಷ್ಟಕ ತೆರೆದರೂ ನಾನು ಮೊದಲು ಹುಡುಕುವುದು ಛೇದದಲ್ಲಿ ಯಾರಿದ್ದಾರೆ ಎಂಬುದನ್ನು.

ಫೈಲ್ ಕೈಗೆ ಬಂದ ತಕ್ಷಣ ಮೂಲ ಪ್ರತಿಯನ್ನು ಹಾಗೇ ಎತ್ತಿಟ್ಟು, ಹೆಸರಿನಲ್ಲಿ ಇಳಿಸಿಕೊಂಡ ದಿನಾಂಕ ಸೇರಿಸುತ್ತೇನೆ. ಕೆಲಸವೆಲ್ಲ ನಕಲಿನ ಮೇಲೆ. ಪ್ರಾಥಮಿಕ ಜನಗಣತಿ ಸಾರದಲ್ಲಿ ಪ್ರತಿ ಜಿಲ್ಲೆಗೂ ಒಟ್ಟು, ಗ್ರಾಮೀಣ, ನಗರ ಎಂದು ಮೂರು ಸಾಲು. ಅವುಗಳ ಮೇಲೆ ರಾಜ್ಯಕ್ಕೂ ಮೂರು ಸಾಲು. ಸೋಸದೆ ಇಡೀ ಕಾಲಂ ಕೂಡಿಸಿದರೆ ಕರ್ನಾಟಕದ ಜನಸಂಖ್ಯೆ 24.4 ಕೋಟಿ ಎಂದು ಬರುತ್ತದೆ, ನಿಜದ ನಾಲ್ಕು ಪಟ್ಟು. ಆದ್ದರಿಂದ ಮೊದಲು 'ಜಿಲ್ಲೆ' ಮತ್ತು 'ಒಟ್ಟು' ಸಾಲುಗಳನ್ನಷ್ಟೇ ಉಳಿಸಿಕೊಂಡು, ಮೂವತ್ತು ಜಿಲ್ಲೆಗಳ ಮೊತ್ತ ರಾಜ್ಯದ ಸಾಲಿಗೆ ಒಬ್ಬ ವ್ಯಕ್ತಿಯೂ ಹೆಚ್ಚುಕಡಿಮೆ ಇಲ್ಲದೆ ಹೊಂದುತ್ತದೆಯೇ ಎಂದು ನೋಡುತ್ತೇನೆ. ಹೊಂದದಿದ್ದರೆ ಅಲ್ಲೇ ನಿಲ್ಲಿಸಿ ಕಾರಣ ಹುಡುಕಬೇಕು. ಸಾಮಾನ್ಯವಾಗಿ ಒಂದೆರಡು ಸಂಖ್ಯೆಗಳು ಅಕ್ಷರ ರೂಪದಲ್ಲಿ ಉಳಿದುಬಿಟ್ಟಿರುತ್ತವೆ, ಎಕ್ಸೆಲ್ ಅವನ್ನು ಸದ್ದಿಲ್ಲದೆ ಬಿಟ್ಟು ಕೂಡಿಸಿರುತ್ತದೆ. ತಾತ್ಕಾಲಿಕ ಅಂಕಿಯನ್ನೂ ಅಂತಿಮ ಅಂಕಿಯನ್ನೂ ಬೆರೆಸಿದರೂ ಹೀಗೇ ಆಗುತ್ತದೆ. ಕರ್ನಾಟಕದ ತಾತ್ಕಾಲಿಕ ಸಂಖ್ಯೆ 6,11,30,704 ಇತ್ತು, ಅದು ಇಂದಿಗೂ ಎಷ್ಟೋ ಕಡೆ ಓಡಾಡುತ್ತಿದೆ.

ಎರಡು ಕೋಷ್ಟಕ ಜೋಡಿಸುವಾಗ ಜಿಲ್ಲೆಯ ಹೆಸರನ್ನು ನಂಬುವುದಿಲ್ಲ. ಬಿಜಾಪುರ ಛತ್ತೀಸ್‌ಗಢದಲ್ಲೂ ಇದೆ, ನಮ್ಮದು 2014ರಲ್ಲಿ ವಿಜಯಪುರ ಆಯಿತು. 2011ರಲ್ಲಿ ಔರಂಗಾಬಾದ್ ಬಿಹಾರದಲ್ಲಿ ಒಂದು, ಮಹಾರಾಷ್ಟ್ರದಲ್ಲಿ ಒಂದು ಇತ್ತು. ರಾಮನಗರ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎನಿಸಿಕೊಂಡಿತು. ಆದ್ದರಿಂದ 2011ರ ಜನಗಣತಿ ಕೋಡ್ ಹಿಡಿದೇ ಜೋಡಿಸಬೇಕು: ಕರ್ನಾಟಕ 29, ಜಿಲ್ಲೆಗಳು 555ರ ಬೆಳಗಾವಿಯಿಂದ 584ರ ರಾಮನಗರದವರೆಗೆ. ಕೋಡ್ ಕಾಲಂ ಅಕ್ಷರ ರೂಪದಲ್ಲೇ ಇರಲಿ. ಇಲ್ಲದಿದ್ದರೆ '01'ರ ಸೊನ್ನೆ ಉದುರಿ '1' ಆಗುತ್ತದೆ, ಇನ್ನೊಂದು ಫೈಲಿನ '01' ಅದಕ್ಕೆ ಸಿಗುವುದೇ ಇಲ್ಲ. ಸ್ಥಳೀಯ ಸರ್ಕಾರಗಳ ಡೈರೆಕ್ಟರಿ ಎಂಬ ಕೇಂದ್ರ ಸರ್ಕಾರದ ಪಟ್ಟಿಯ ಕೋಡ್ ಬೇರೆ, ಜನಗಣತಿಯ ಕೋಡ್ ಬೇರೆ. ಎರಡೂ ಬರೀ ಅಂಕಿಗಳಾದ್ದರಿಂದ ಅದಲು ಬದಲಾದರೂ ಗೊತ್ತಾಗುವುದಿಲ್ಲ.

ಕೋಡ್ ಸರಿಯಿದ್ದರೂ ಗಡಿ ಬದಲಾಗಿರುತ್ತದೆ. ಹಳೆಯ ಗುಲ್ಬರ್ಗ ಜಿಲ್ಲೆಯಲ್ಲಿ 2001ರಲ್ಲಿ 31,30,922 ಜನರಿದ್ದರು, 2011ರ ಸಾಲಿನಲ್ಲಿ 25,66,326. ಇಷ್ಟನ್ನೇ ನೋಡಿದವರು ಜಿಲ್ಲೆಯ ಜನ ಶೇ 18ರಷ್ಟು ಗುಳೆ ಹೋದರು ಎಂದು ಬರೆದುಬಿಡಬಹುದು. ನಡುವೆ ಯಾದಗಿರಿ ಬೇರೆ ಜಿಲ್ಲೆಯಾಯಿತು. ಅದರ 11,74,271 ಜನರನ್ನು ಸೇರಿಸಿದರೆ 37,40,597, ಅಂದರೆ ಶೇ 19.5ರ ಏರಿಕೆ. ಕೋಲಾರವನ್ನು ಚಿಕ್ಕಬಳ್ಳಾಪುರದೊಂದಿಗೆ, ಬೆಂಗಳೂರು ಗ್ರಾಮಾಂತರವನ್ನು ರಾಮನಗರದೊಂದಿಗೆ ಸೇರಿಸಿಯೇ 2001ಕ್ಕೆ ಹೋಲಿಸುತ್ತೇನೆ. ನಿಜವಾಗಿ ಇಳಿದ ಜಿಲ್ಲೆಯೂ ಇದೆ: ಚಿಕ್ಕಮಗಳೂರು 11,40,905ರಿಂದ 11,37,961ಕ್ಕೆ ಬಂತು. ಅದೇ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆ ಶೇ 47ರಷ್ಟು ಬೆಳೆಯಿತು. ಇದನ್ನು ಹತ್ತರಿಂದ ಭಾಗಿಸಿ ವರ್ಷಕ್ಕೆ ಶೇ 4.7 ಎನ್ನಬಾರದು. ಚಕ್ರಬಡ್ಡಿಯ ಹಾಗೆ ಲೆಕ್ಕ ಮಾಡಿದರೆ ವರ್ಷಕ್ಕೆ ಸುಮಾರು ಶೇ 3.9.

ವಯಸ್ಸಿನ ಕೋಷ್ಟಕಕ್ಕೆ ಹೆಚ್ಚು ಹೊತ್ತು ಕೊಡುತ್ತೇನೆ, ಏಕೆಂದರೆ ಅಂಕಿ ಹುಟ್ಟುವ ಜಾಗ ಅಲ್ಲಿ ಕಣ್ಣಿಗೇ ಕಾಣುತ್ತದೆ. ಜನಗಣತಿಯ ಸಿ-13 ಕೋಷ್ಟಕದಲ್ಲಿ ಒಂದೊಂದೇ ವಯಸ್ಸಿಗೆ ಒಂದೊಂದು ಸಾಲು. ಅದನ್ನು ಕಂಬಚಿತ್ರ ಮಾಡಿದರೆ 30, 35, 40, 45ರಲ್ಲಿ ಎತ್ತರದ ಕಂಬಗಳು, ಪಕ್ಕದ 39, 41ರಲ್ಲಿ ಹಳ್ಳ. ಹುಟ್ಟಿದ ತಾರೀಕು ಗೊತ್ತಿಲ್ಲದ ಮನೆಯಲ್ಲಿ 'ಒಂದು ನಲವತ್ತು ಬರ್ಕೊಳ್ಳಿ' ಎಂದ ಮಾತೇ ಆ ಕಂಬ. ಇದನ್ನು ಅಳೆಯಲು ವಿಪಲ್ ಸೂಚ್ಯಂಕ ಇದೆ. 25, 30, 35 ಹೀಗೆ 60ರವರೆಗಿನ ಎಂಟು ವಯಸ್ಸಿನವರನ್ನು ಕೂಡಿಸಿ ಐದರಿಂದ ಗುಣಿಸಿ, 23ರಿಂದ 62ರವರೆಗಿನ ಒಟ್ಟು ಜನರಿಂದ ಭಾಗಿಸಿ, ನೂರರಿಂದ ಗುಣಿಸುವುದು. 100 ಬಂದರೆ ಯಾವ ಅಂಕಿಗೂ ಒಲವಿಲ್ಲ, 500 ಬಂದರೆ ಎಲ್ಲರೂ ಸೊನ್ನೆ-ಐದರಲ್ಲೇ ಕೂತಿದ್ದಾರೆ. 105ರೊಳಗಿದ್ದರೆ ಉತ್ತಮ, 175 ದಾಟಿದರೆ ಬಹಳ ಒರಟು. ಗಂಡಸರಿಗೂ ಹೆಂಗಸರಿಗೂ, ಹಳ್ಳಿಗೂ ಪೇಟೆಗೂ ಬೇರೆ ಬೇರೆಯಾಗಿ ತೆಗೆಯಬೇಕು, ಒಟ್ಟಿಗೆ ತೆಗೆದರೆ ದೋಷ ಮುಚ್ಚಿಹೋಗುತ್ತದೆ. ಐದು ವರ್ಷದ ಗುಂಪು ಮಾಡಿದರೂ ಇದು ಪೂರ್ತಿ ಸರಿಹೋಗದು: 38, 39ರವರು 40 ಎಂದರೆ 35–39ರ ಗುಂಪು ಸೊರಗಿ 40–44ರ ಗುಂಪು ಊದಿಕೊಳ್ಳುತ್ತದೆ. ಸೂಚ್ಯಂಕ ಕೆಟ್ಟಿರುವ ಕಡೆ ಹತ್ತು ವರ್ಷದ ಗುಂಪುಗಳನ್ನೇ ಬಳಸುತ್ತೇನೆ. 'ವಯಸ್ಸು ತಿಳಿಸಿಲ್ಲ' ಎಂಬ ಕೊನೆಯ ಸಾಲನ್ನು ಮರೆತರೆ ಮೊತ್ತ ಹೊಂದುವುದಿಲ್ಲ.

ಜನಗಣತಿಯ ಅಂಕಿಯನ್ನು ಮಾದರಿ ಸಮೀಕ್ಷೆಯ (ಕೆಲವು ಮನೆಗಳನ್ನಷ್ಟೇ ಆಯ್ದು ಮಾಡುವ ಸಮೀಕ್ಷೆಯ) ಅಂಕಿಯ ಪಕ್ಕದಲ್ಲಿಟ್ಟು ಗೆರೆ ಎಳೆಯುವುದು ಅಪಾಯ. 2011ರಲ್ಲಿ ದೇಶದ ಲಿಂಗಾನುಪಾತ, ಅಂದರೆ ಸಾವಿರ ಗಂಡಸರಿಗೆ ಇರುವ ಹೆಂಗಸರು, 943, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 1020. ಹತ್ತು ವರ್ಷದಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಗಂಡಸರನ್ನು ಮೀರಿತು ಎಂದು ಸಂಭ್ರಮಿಸಿದವರು ಬಹಳ. ಆ ಸಮೀಕ್ಷೆ ಎಣಿಸುವುದು ಹಿಂದಿನ ರಾತ್ರಿ ಆ ಮನೆಯಲ್ಲಿ ಮಲಗಿದ್ದವರನ್ನು. ದುಡಿಯಲು ದೂರ ಹೋಗಿ ಕಾರ್ಮಿಕರ ಶೆಡ್‌ನಲ್ಲೋ ಹಾಸ್ಟೆಲಿನಲ್ಲೋ ಬ್ಯಾರಕ್ಕಿನಲ್ಲೋ ಇರುವ ಗಂಡಸರು ಬಹುಪಾಲು ಅದಕ್ಕೆ ಸಿಗುವುದಿಲ್ಲ. ಹೆಣ್ಣುಮಗುವಿನ ವಿಚಾರದಲ್ಲಿ ಕಾಳಜಿ ಇದ್ದರೆ ಹುಟ್ಟಿನ ವೇಳೆಯ ಅನುಪಾತ ನೋಡಬೇಕು, ಒಟ್ಟಾರೆ ಅನುಪಾತ ಆ ಪ್ರಶ್ನೆಗೆ ಉತ್ತರವಲ್ಲ.

ಆದಾಯದ ಕಡೆಗೆ ಬಂದರೆ, ಮೊದಲು ಯಾವ ಸುತ್ತಿನ ಅಂದಾಜು ಎಂದು ಬರೆದಿಡುತ್ತೇನೆ. 2020–21ರಲ್ಲಿ ದೇಶದ ಉತ್ಪನ್ನ (ಜಿಡಿಪಿ) ಎಷ್ಟು ಕುಸಿಯಿತು? 2021ರ ಮೇ ತಿಂಗಳ ತಾತ್ಕಾಲಿಕ ಅಂದಾಜು ಶೇ 7.3 ಎಂದಿತು, ಮೊದಲ ಪರಿಷ್ಕರಣೆ 6.6, ಎರಡನೆಯದು 5.8. ಮೂರೂ ಅಧಿಕೃತ, ಮೂರೂ ಅದೇ 2011–12 ಆಧಾರ ವರ್ಷದವು, ಅಂದರೆ ಆ ವರ್ಷದ ಬೆಲೆ ಹಿಡಿದು ಲೆಕ್ಕ ಹಾಕಿದವು. ಮರುವರ್ಷದ ಏರಿಕೆ ಹೀಗೇ 8.7ರಿಂದ 9.7ರವರೆಗೆ ಹೋಯಿತು. ಹಳೆಯ ಸುತ್ತಿನ ಇಳಿಕೆಗೆ ಹೊಸ ಸುತ್ತಿನ ಏರಿಕೆ ಜೋಡಿಸಿದರೆ ಇಲ್ಲದ ಕಥೆ ಹುಟ್ಟುತ್ತದೆ. ಕೊನೆಯ ಸುತ್ತಿನವೆರಡನ್ನೇ ತೆಗೆದುಕೊಂಡು 0.942ನ್ನು 1.097ರಿಂದ ಗುಣಿಸಿದರೆ 1.033: ಎರಡು ವರ್ಷ ಸೇರಿ ಬೆಳೆದದ್ದು ಶೇ 3.3. ಬೆಳವಣಿಗೆಗೆ ಸ್ಥಿರ ಬೆಲೆಯ (ಬೆಲೆ ಏರಿಕೆ ತೆಗೆದ) ಕೋಷ್ಟಕ ಬೇಕು. ಸಾಲ, ತೆರಿಗೆ, ಬಜೆಟ್ಟು ಉತ್ಪನ್ನದ ಎಷ್ಟು ಪಾಲು ಎಂದು ಹೇಳುವಾಗ ಚಾಲ್ತಿ ಬೆಲೆಯದು, ಅಂದರೆ ಆಯಾ ವರ್ಷದ ಬೆಲೆಯಲ್ಲೇ ಲೆಕ್ಕ ಹಾಕಿದ್ದು.

ತಲಾ ಆದಾಯದಲ್ಲಿ ಮತ್ತೆ ಛೇದದ ಪ್ರಶ್ನೆ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಉತ್ಪನ್ನವನ್ನು ಅಕ್ಟೋಬರ್ 1ರ ಜನಸಂಖ್ಯೆಯಿಂದ ಭಾಗಿಸುತ್ತಾರೆ, ವರ್ಷದ ನಡುಭಾಗ ಅದು. 2021ರಲ್ಲಿ ಜನಗಣತಿ ನಡೆಯಲಿಲ್ಲವಾದ್ದರಿಂದ ಆ ಜನಸಂಖ್ಯೆ ಎಣಿಸಿದ್ದಲ್ಲ, 2011ರಿಂದ ಮುಂದಕ್ಕೆ ಅಂದಾಜಿಸಿದ್ದು. ರಾಜ್ಯ ಮಟ್ಟದಲ್ಲಿ ಇದನ್ನು ಒಪ್ಪಬಹುದು. ಜಿಲ್ಲಾ ತಲಾ ಆದಾಯವನ್ನು ನಾನು ಶ್ರೇಣಿ ಹೇಳಲು ಮಾತ್ರ ಬಳಸುತ್ತೇನೆ. ಅಲ್ಲಿ ಅಂಶವೂ, ಅಂದರೆ ಮೇಲಿನ ಸಂಖ್ಯೆಯೂ, ಅಂದಾಜೇ: ಅದು ಆ ಜಿಲ್ಲೆಯಲ್ಲಿ ಉತ್ಪನ್ನವಾದದ್ದರ ಬೆಲೆಯೇ ಹೊರತು, ಅಲ್ಲಿನ ಜನರ ಕೈಸೇರಿದ ಹಣವಲ್ಲ. ರೈಲ್ವೆ, ಬ್ಯಾಂಕಿನಂಥ ಬಾಬ್ತುಗಳನ್ನು ಮೇಲಿನ ಮೊತ್ತದಿಂದ ಯಾವುದಾದರೊಂದು ಮಾನದಂಡ ಹಿಡಿದು ಜಿಲ್ಲೆಗಳಿಗೆ ಹಂಚಿರುತ್ತಾರೆ. ಹಾಸನದ ಮನೆಗೆ ಬೆಂಗಳೂರಿನಿಂದ ತಿಂಗಳು ತಿಂಗಳು ಬರುವ ಹಣ ಆ ಕೋಷ್ಟಕದಲ್ಲಿ ಬೆಂಗಳೂರಿನ ಉತ್ಪನ್ನ.

ಮುಂದಿನ ಜನಗಣತಿಯ ಉಲ್ಲೇಖ ದಿನಾಂಕ 2027ರ ಮಾರ್ಚ್ 1. ಅದರ ಅಂಕಿ ಬರುವ ಮೊದಲೇ ಗಡಿ ಹೊಂದಾಣಿಕೆಯ ಪಟ್ಟಿಯನ್ನು ತಾಲ್ಲೂಕು ಮಟ್ಟದಲ್ಲಿ ಸಿದ್ಧಮಾಡಿಕೊಳ್ಳುತ್ತಿದ್ದೇನೆ. ಬಳ್ಳಾರಿಯಿಂದ 2021ರಲ್ಲಿ ವಿಜಯನಗರ ಬೇರೆಯಾಯಿತು, ಎರಡನ್ನೂ ಕೂಡಿಸಿ 2011ರ ಬಳ್ಳಾರಿಗೆ ಹೋಲಿಸೋಣ ಎನಿಸುತ್ತದೆ. ಹಾಗೆ ಮಾಡಿದರೆ ತಪ್ಪುತ್ತದೆ. ಈಗ ವಿಜಯನಗರದಲ್ಲಿರುವ ಹರಪನಹಳ್ಳಿ 2011ರಲ್ಲಿ ದಾವಣಗೆರೆಯಲ್ಲಿತ್ತು, 2018ರಲ್ಲಿ ಬಳ್ಳಾರಿಗೆ ಸೇರಿತು. ಆದ್ದರಿಂದ 2011ರ ಫೈಲಿನಲ್ಲಿ ದಾವಣಗೆರೆಯ ಕೋಡ್ 567ರಿಂದ ಹರಪನಹಳ್ಳಿ ತಾಲ್ಲೂಕಿನ ಸಾಲು ತೆಗೆದು ಬಳ್ಳಾರಿಯ ಕೋಡ್ 565ಕ್ಕೆ ಹಾಕಿ, ದಾವಣಗೆರೆಯ ಮೊತ್ತದಿಂದ ಅಷ್ಟನ್ನೇ ಕಳೆದು, ಆಮೇಲೆ ಹೋಲಿಸಬೇಕು.