ಗಂಡನ ಸುಖಕ್ಕೆ ಅವಸರವೇ ಅಡ್ಡಿ: ದಂಪತಿಗಳಿಗೆ ನೇರ ಮಾತು

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಬಹಳ ಮನೆಗಳಲ್ಲಿ ಗಂಡ-ಹೆಂಡತಿಗೆ ಸಿಗುವುದು ಒಂದು ಸಣ್ಣ ಕೋಣೆ. ಅದರ ಬಾಗಿಲಿಗೂ ಗಟ್ಟಿ ಚಿಲಕ ಇರುವುದಿಲ್ಲ. ಹೊರಗೆ ಪಡಸಾಲೆಯಲ್ಲಿ ಹಿರಿಯರು, ಮಗ್ಗುಲಲ್ಲಿ ಕೂಸು. ಕಿವಿಯನ್ನೆಲ್ಲ ಹೊರಗಿಟ್ಟು, ಉಸಿರು ಬಿಗಿಹಿಡಿದು, ಎರಡು ನಿಮಿಷದಲ್ಲಿ ಮುಗಿಸಿ ಮಗ್ಗಲು ಬದಲಿಸುವುದೇ ರೂಢಿಯಾಗಿಬಿಡುತ್ತದೆ. ವರ್ಷಗಟ್ಟಲೆ ಹೀಗೆ ನಡೆದ ಮೇಲೆ ಗಂಡಸು "ಮೊದಲಿನಂಗ ಹಿತ ಅನಸವಲ್ದು" ಅನ್ನುತ್ತಾನೆ, ಶಕ್ತಿ ಕಡಿಮೆಯಾಯಿತೆಂದು ಪೇಟೆಯಲ್ಲಿ ಪುಡಿ ಹುಡುಕಲು ಹೊರಡುತ್ತಾನೆ.

ಬಹಳ ಸಲ ಕಡಿಮೆಯಾಗಿದ್ದು ಶಕ್ತಿಯಲ್ಲ, ಸಮಾಧಾನ. ಶಿಶ್ನದೊಳಗಿನ ಸ್ನಾಯು ಸಡಿಲಾದಾಗ ಮಾತ್ರ ಅಲ್ಲಿ ರಕ್ತ ತುಂಬಿ ಗಡಸಾಗುತ್ತದೆ. ಅಂಜಿಕೆ, ಅವಸರ ಆದಾಗ ಮೈಯಲ್ಲಿ ಏರುವ ಅಡ್ರಿನಲಿನ್ ಎಂಬ ಹಾರ್ಮೋನು ಆ ಸ್ನಾಯುವನ್ನು ಬಿಗಿ ಮಾಡುತ್ತದೆ. ಅಂಜಿದಾಗ ಕೆಲಸ ಮಾಡುವ ಅದೇ ನರವ್ಯೂಹ ವೀರ್ಯ ಹೊರಬೀಳುವುದಕ್ಕೂ ಚಾಲನೆ ಕೊಡುತ್ತದೆ. ಹಾಗಾಗಿ ನಡುವೆಯೇ ಮೆತ್ತಗಾಗುವುದು, ಬೇಗ ಆಗಿಬಿಡುವುದು ಎಂಬ ಎರಡು ದೂರಿಗೂ ಬೇರು ಒಂದೇ ಇರಬಹುದು. ಕೆಳಗೆ ಹೇಳುವ ಅಭ್ಯಾಸಗಳೆಲ್ಲ ಆ ಬೇರಿಗೆ ಕೈ ಹಾಕುವಂಥವು. ಹೆಂಡತಿ ಮನಸ್ಸಿಟ್ಟು ಒಪ್ಪಿದರೆ ಮಾತ್ರ ಇವು ಕೆಲಸ ಮಾಡುತ್ತವೆ. ಆಕೆ ಬೇಡ ಅಂದ ರಾತ್ರಿ ಬೇಡವೇ ಬೇಡ. ಆಕೆ ನೋವು ನುಂಗಿಕೊಂಡು ಮಲಗಿದ್ದರೆ ಗಂಡನ ಮೈಯೂ ಸಡಿಲಾಗುವುದಿಲ್ಲ.

ಮೊದಲು ಬಾಗಿಲಿಗೆ ಚಿಲಕ

ಒಳಚಿಲಕ ಹಾಕಿಸಿ. ಇದಕ್ಕಿಂತ ಅಗ್ಗದ ಔಷಧ ಇನ್ನೊಂದಿಲ್ಲ. ಫ್ಯಾನು ತಿರುಗುತ್ತಿದ್ದರೆ ಸಣ್ಣಪುಟ್ಟ ಸದ್ದು ಮುಚ್ಚಿಹೋಗುತ್ತದೆ. ಮಂಚ ಕಿರುಗುಟ್ಟಿದರೆ ಚಾಪೆಯ ಮೇಲೆ ದಪ್ಪ ಕೌದಿ ಹಾಸಿ ನೆಲದಲ್ಲೇ ಮಲಗಿ. ರಾತ್ರಿ ಹೊಟ್ಟೆ ತುಂಬ ಉಂಡಿದ್ದರೆ ಎರಡು ತಾಸು ಬಿಡಿ. ಏಪ್ರಿಲ್, ಮೇ ಬಿಸಿಲಿಗೆ ಈ ಕಡೆ 40 ಡಿಗ್ರಿ ದಾಟುತ್ತದೆ, ರಾತ್ರಿಯೂ ಗೋಡೆ ಕಾದಿರುತ್ತದೆ; ಆ ದಿನಗಳಲ್ಲಿ ಇಬ್ಬರೂ ತಣ್ಣೀರು ಮೈಮೇಲೆ ಹಾಕಿಕೊಂಡು ಬರುವುದೇ ಅರ್ಧ ಕೆಲಸ.

ಹೊತ್ತಿನ ಬಗ್ಗೆಯೂ ಯೋಚಿಸಿ. ಗಂಡಸಿನ ಕಾಮದ ಹಾರ್ಮೋನು ಟೆಸ್ಟೋಸ್ಟಿರಾನ್ ಬೆಳಗಿನ ಹೊತ್ತಿಗೆ ಹೆಚ್ಚಿರುತ್ತದೆ. ಹಗಲೆಲ್ಲ ದುಡಿದು ರಾತ್ರಿ ಹನ್ನೊಂದಕ್ಕೆ ಕಣ್ಣು ಮುಚ್ಚುತ್ತಿರುವಾಗ ಪ್ರಯತ್ನಿಸುವುದಕ್ಕಿಂತ ಬೆಳಗಿನ ಜಾವ ಎದ್ದಾಗ ಹೆಚ್ಚು ಸಲೀಸು. ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆಯ ರಾತ್ರಿ ಪಾಳಿ ಮಾಡುವವರು ಪಾಳಿ ಮುಗಿಸಿ ಬಂದ ಕೂಡಲೇ ಕೂಡಲು ಹೋಗಬೇಡಿ. ನಿದ್ದೆಗೆಟ್ಟ ಮೈ ಕೈ ಕೊಡುತ್ತದೆ, ಆಮೇಲೆ ಮನಸ್ಸಿನಲ್ಲಿ ಸೋತೆನೆಂಬ ಅಂಜಿಕೆ ಕೂರುತ್ತದೆ.

ಮುಟ್ಟುವುದನ್ನು ಹೊಸದಾಗಿ ಕಲಿಯುವುದು

ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಲೈಂಗಿಕ ತಜ್ಞರು ರೂಪಿಸಿದ ಈ ಅಭ್ಯಾಸವನ್ನು ತಜ್ಞ ವೈದ್ಯರು ಇವತ್ತಿಗೂ ಹೇಳಿಕೊಡುತ್ತಾರೆ. ನೋಡಲು ಬಹಳ ಸರಳ, ಪಾಲಿಸುವುದು ಮಾತ್ರ ಕಷ್ಟ. ಒಟ್ಟು ಐದಾರು ವಾರ, ವಾರಕ್ಕೆ ಎರಡು ಅಥವಾ ಮೂರು ಸಲ, ಒಂದು ಸಲಕ್ಕೆ ಅರ್ಧ ತಾಸು. ಮೊಬೈಲು ಕೋಣೆಯ ಹೊರಗೆ, ಸಣ್ಣ ಬೆಳಕು ಇರಲಿ.

ಮೊದಲ ಎರಡು ವಾರ ಕೂಟ ಪೂರ್ತಿ ಬಂದ್. ಒಬ್ಬರು ಮಲಗಬೇಕು, ಇನ್ನೊಬ್ಬರು ಹದಿನೈದು ನಿಮಿಷ ಮೈ ಮುಟ್ಟಬೇಕು: ಕತ್ತಿನ ಹಿಂಭಾಗ, ಕಿವಿಯ ಕೆಳಗೆ, ಬೆನ್ನು, ಅಂಗೈ, ತೊಡೆ. ಮೊಲೆ ಮತ್ತು ಗುಪ್ತಾಂಗ ಬಿಟ್ಟು. ಆಮೇಲೆ ಅದಲು ಬದಲು. ಮಲಗಿದವರ ಕೆಲಸ ಒಂದೇ, ಎಲ್ಲಿ ಹೇಗನಿಸುತ್ತದೆ ಎಂದು ಗಮನಿಸುವುದು. ಶಿಶ್ನ ಗಡಸಾದರೂ ಸರಿ, ಆಗದಿದ್ದರೂ ಸರಿ, ಅದರ ಲೆಕ್ಕ ಇಡುವಂತಿಲ್ಲ. ಮೂರನೆಯ ವಾರದಿಂದ ಮೊಲೆ, ಗುಪ್ತಾಂಗ ಸೇರಿಸಿ, ಆದರೆ ಮುಗಿಸಲೇಬೇಕೆಂಬ ಗುರಿ ಇಲ್ಲದೆ. ಐದನೆಯ ವಾರಕ್ಕೆ ಶಿಶ್ನವನ್ನು ಯೋನಿಯೊಳಗೆ ಸೇರಿಸಿ, ಅಲುಗಾಡದೆ ಒಂದೆರಡು ನಿಮಿಷ ಹಾಗೇ ಇರುವುದು. ಚಲನೆ ಅದಾದ ಮೇಲೆ, ಅದೂ ನಿಧಾನಕ್ಕೆ.

ಹೆಂಡತಿಗೆ ಗಂಡನ ಮೈಯ ನಕಾಶೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಬಹಳ ಗಂಡಸರಿಗೆ ಅತಿ ಹೆಚ್ಚು ಸ್ಪಂದಿಸುವುದು ಶಿಶ್ನದ ತುದಿಯ ಕೆಳಭಾಗ, ಮುಂದೊಗಲು ಸಣ್ಣ ಎಳೆಯಂತೆ ಅಂಟಿಕೊಂಡಿರುವ ಜಾಗ. ಆಮೇಲೆ ತುದಿಯ ಸುತ್ತಲ ಅಂಚು. ವೃಷಣಚೀಲ, ಅದರ ಹಿಂದೆ ಗುದದವರೆಗಿನ ಪಟ್ಟಿ, ಒಳತೊಡೆ, ಎದೆಯ ತೊಟ್ಟುಗಳಲ್ಲೂ ಹಿತವಿದೆ, ಆದರೆ ಅಲ್ಲಿ ಹಗುರ ಕೈ ಬೇಕು. ಒಣ ಕೈಯಿಂದ ಉಜ್ಜಿದರೆ ಚರ್ಮ ಉರಿಯುತ್ತದೆ. ಗಂಡ ತನ್ನ ಕೈಯನ್ನು ಹೆಂಡತಿಯ ಕೈಮೇಲಿಟ್ಟು ಎಷ್ಟು ಬಿಗಿ, ಎಷ್ಟು ವೇಗ ಎಂದು ತೋರಿಸಬೇಕು. ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಇಷ್ಟು ಸಾಕು: ಆಕೆ "ಹಿಂಗ ಮಾಡಿದ್ರ ಹಿತ ಅನಸ್ತೈತೇನ್ರೀ?" ಅನ್ನುವುದು, ಈತ "ಸ್ವಲ್ಪ ಸಾವಕಾಶ" ಅನ್ನುವುದು. ಅದೇ ಪ್ರಶ್ನೆಯನ್ನು ಗಂಡನೂ ಕೇಳಬೇಕು.

ಈ ಅಭ್ಯಾಸ ಕೆಡುವುದು ಸಾಮಾನ್ಯವಾಗಿ ಮೊದಲ ವಾರದಲ್ಲೇ. ಗಡಸು ಬಂತಲ್ಲ ಎಂದು ನಿಯಮ ಮುರಿದು ಕೂಡಿಬಿಡುತ್ತಾರೆ. ಆಗ ಮುಟ್ಟಿದರೆ ಕೂಡಲೇಬೇಕು ಎಂಬ ಹಳೆಯ ಒತ್ತಡ ಮತ್ತೆ ಮೈಗೆ ಬರುತ್ತದೆ, ಹೆಂಡತಿಗೂ ನಂಬಿಕೆ ಹೋಗುತ್ತದೆ. ಹಾಗಾದರೆ ಮೊದಲಿನಿಂದ ಶುರು ಮಾಡಿ.

ಬೇಗ ಆಗುವವರಿಗೆ

ಐದು ದೇಶಗಳ 500 ಜೋಡಿಗಳು ಗಡಿಯಾರ ಹಿಡಿದು ಅಳೆದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಳಹೊಕ್ಕಾಗಿನಿಂದ ಸ್ಖಲನದವರೆಗಿನ ಮಧ್ಯಮ ಅವಧಿ 5.4 ನಿಮಿಷ. ಮೊಬೈಲ್ ವಿಡಿಯೋ ನೋಡಿ ಅರ್ಧ ತಾಸು ಬೇಕೆಂದುಕೊಂಡವರು ಈ ಅಂಕಿಯನ್ನು ನೆನಪಿಟ್ಟುಕೊಳ್ಳಲಿ. ಮೊದಲ ಕೂಟದಿಂದಲೂ ಬಹುತೇಕ ಪ್ರತಿ ಸಲ ಒಂದು ನಿಮಿಷದ ಆಸುಪಾಸಿನಲ್ಲೇ ಆಗಿ, ತಡೆಯಲಾಗದೆ, ಅದರಿಂದ ಮನಸ್ಸಿಗೆ ಸಂಕಟವಾಗುತ್ತಿದ್ದರೆ ವೈದ್ಯರು ಅದನ್ನು ಶೀಘ್ರಸ್ಖಲನ ಎನ್ನುತ್ತಾರೆ.

ನಿಲ್ಲಿಸಿ-ಶುರುಮಾಡುವ ಅಭ್ಯಾಸವನ್ನು ಜೇಮ್ಸ್ ಸೀಮನ್ಸ್ ಎಂಬ ವೈದ್ಯರು 1956ರಲ್ಲೇ ಬರೆದಿಟ್ಟರು. ಉದ್ರೇಕಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ಹತ್ತು ಅಂದರೆ ಸ್ಖಲನ. ಮೊದಲು ಒಬ್ಬರೇ, ಒಣ ಕೈಯಿಂದ ಹಗುರವಾಗಿ. ಏಳಕ್ಕೆ ಬಂದಾಗ ಕೈ ಬಿಡಿ, ಬಾಯಿಂದ ಉದ್ದ ಉಸಿರು ಹೊರಹಾಕಿ, ಅರ್ಧ ನಿಮಿಷದಿಂದ ಒಂದು ನಿಮಿಷ ಕಾಯಿರಿ. ನಾಲ್ಕಕ್ಕೆ ಇಳಿದ ಮೇಲೆ ಮತ್ತೆ ಶುರು. ಮೂರು ಸಲ ಹೀಗೆ ನಿಲ್ಲಿಸಿ, ನಾಲ್ಕನೆಯದಕ್ಕೆ ಬಿಟ್ಟುಬಿಡಿ. ವಾರಕ್ಕೆ ಮೂರು ಸಲ ಮಾಡಿ, ಸಲೀಸಾದ ಮೇಲೆ ಜಾರುವ ಜೆಲ್ ಹಚ್ಚಿ, ಅದೂ ಸಲೀಸಾದರೆ ಹೆಂಡತಿಯ ಕೈಯಿಂದ. ಕೊನೆಗೆ ಕೂಟದಲ್ಲಿ, ಹೆಂಡತಿ ಮೇಲಿರುವ ಭಂಗಿಯಲ್ಲಿ, ಏಕೆಂದರೆ ಗಂಡ ಮೇಲಿದ್ದರೆ ತೊಡೆ-ಸೊಂಟದ ಸ್ನಾಯುಗಳೆಲ್ಲ ಬಿಗಿಯಾಗಿ ಬೇಗ ಆಗುತ್ತದೆ. "ನಿಲ್ಲು" ಅನ್ನಲು ಇಬ್ಬರೂ ಒಂದು ಸನ್ನೆ ಗೊತ್ತು ಮಾಡಿಕೊಳ್ಳಿ, ತೋಳು ತಟ್ಟಿದರೂ ಸಾಕು.

ನಿಲ್ಲಿಸಿದರೂ ಇಳಿಯದಿದ್ದರೆ ತುದಿಯ ಕೆಳಗೆ ಹೆಬ್ಬೆರಳು, ಎದುರು ಬದಿಗೆ ಎರಡು ಬೆರಳಿಟ್ಟು ಹತ್ತರಿಂದ ಇಪ್ಪತ್ತು ಸೆಕೆಂಡು ಗಟ್ಟಿಯಾಗಿ, ನೋವಾಗದಂತೆ ಅದುಮಿ.

ಎಲ್ಲರೂ ಎಡವುವುದು ಏಳರ ಬದಲು ಒಂಬತ್ತಕ್ಕೆ ನಿಲ್ಲಿಸುವುದರಿಂದ. ಆ ಹೊತ್ತಿಗೆ ವೀರ್ಯ ಮೂತ್ರನಾಳಕ್ಕೆ ಇಳಿಯಲು ಶುರುವಾಗಿರುತ್ತದೆ, ಯಾರಿಂದಲೂ ತಡೆಯಲಾಗದು. ಇನ್ನೊಂದು, ತಡೆಯಲೆಂದು ಉಸಿರು ಕಟ್ಟಿ ಕುಂಡಿ ಬಿಗಿಹಿಡಿಯುವುದು. ಅದು ಸ್ಖಲನವನ್ನು ಹತ್ತಿರ ತರುತ್ತದೆಯೇ ಹೊರತು ದೂರ ಮಾಡುವುದಿಲ್ಲ.

ಜತೆಗೆ ಅಡಿಸ್ನಾಯುಗಳ ವ್ಯಾಯಾಮ. ಗಾಳಿ ಹೋಗದಂತೆ ತಡೆಯುವಾಗ ಒಳಕ್ಕೆ ಎಳೆದುಕೊಳ್ಳುವ ಸ್ನಾಯು ಅದು. ಐದು ಸೆಕೆಂಡು ಬಿಗಿ, ಐದು ಸೆಕೆಂಡು ಪೂರ್ತಿ ಸಡಿಲ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹೊಟ್ಟೆ, ತೊಡೆ ಅಲುಗಬಾರದು. ಮೂತ್ರ ಹೊಯ್ಯುವಾಗ ಮಾಡಬೇಡಿ. ಫಲ ಕಾಣಲು ಮೂರು ತಿಂಗಳು ಹಿಡಿಯಬಹುದು. ಇದು ಗಡಸುತನಕ್ಕೂ ಒಳ್ಳೆಯದು. ಮಾಡಿದಾಗ ಅಡಿಭಾಗದಲ್ಲಿ ನೋವು ಬಂದರೆ ಸ್ನಾಯು ಮೊದಲೇ ಬಿಗಿಯಾಗಿದೆ ಎಂದರ್ಥ, ಬಿಟ್ಟುಬಿಡಿ.

ಗಡಸುತನ ಅಂದರೆ ರಕ್ತದ ಹರಿವು

ಶಿಶ್ನಕ್ಕೆ ರಕ್ತ ತರುವ ನಾಳ 1ರಿಂದ 2 ಮಿಲಿಮೀಟರ್ ಅಗಲ, ಹೃದಯದ್ದು 3ರಿಂದ 4. ಕೊಬ್ಬು ಕಟ್ಟಿದರೆ ಸಣ್ಣ ನಾಳ ಮೊದಲು ತೊಂದರೆ ತೋರಿಸುತ್ತದೆ. ಆದ್ದರಿಂದ ನಲವತ್ತರ ಆಸುಪಾಸಿನಲ್ಲಿ ಗಡಸುತನ ಇಳಿಯುತ್ತಾ ಬಂದರೆ ಅದು ಹಾಸಿಗೆಯ ಮಾತಷ್ಟೇ ಅಲ್ಲ, ಹೃದಯದ ಎಚ್ಚರಿಕೆಯೂ ಆಗಿರಬಹುದು. ಬೆಳಗ್ಗೆ ಏಳುವಾಗ ಗಟ್ಟಿಯಾಗಿದ್ದು ಹೆಂಡತಿಯ ಜತೆ ಮಾತ್ರ ಆಗದಿದ್ದರೆ ತೊಂದರೆ ಹೆಚ್ಚಾಗಿ ಮನಸ್ಸಿನದು. ಬೆಳಗ್ಗೆಯೂ ಇಲ್ಲವಾದರೆ ಶುಗರ್, ಬಿಪಿ ತಪಾಸಣೆ ಮಾಡಿಸಿ.

ತಂಬಾಕು ರಕ್ತನಾಳಗಳನ್ನು ಕುಗ್ಗಿಸುತ್ತದೆ. ನಿಪ್ಪಾಣಿ ಸುತ್ತಮುತ್ತ ತಂಬಾಕು ಬೆಳೆಯುವ ನಾಡಿದು. ಬೀಡಿ, ಗುಟ್ಕಾ, ಸುಣ್ಣ ತಿಕ್ಕಿದ ತಂಬಾಕು ಕೈಗೆಟಕುವಷ್ಟು ಹತ್ತಿರ. ಅದನ್ನು ಬಿಡದೆ ಸಾವಿರಾರು ರೂಪಾಯಿ ಗುಳಿಗೆಗೆ ಸುರಿಯುವುದು ಕಂಡಾಗ ಸಂಕಟವಾಗುತ್ತದೆ. ಬಿಟ್ಟ ಮೇಲೆ ಬಹಳ ಜನರಿಗೆ ತಿಂಗಳುಗಳಲ್ಲೇ ಸುಧಾರಣೆ ಕಾಣುತ್ತದೆ. ಬೆವರು ಬರುವಂತೆ 40 ನಿಮಿಷ ಬಿರುಸು ನಡಿಗೆ, ವಾರಕ್ಕೆ ನಾಲ್ಕು ದಿನ, ಆರು ತಿಂಗಳು: ರಕ್ತನಾಳದ ತೊಂದರೆಯಿಂದ ಗಡಸುತನ ಕಡಿಮೆಯಾದವರಿಗೆ ಇದರಿಂದ ಅನುಕೂಲವಾಗುವುದು ಅಧ್ಯಯನಗಳಲ್ಲಿ ಕಂಡಿದೆ. ಒಂದೆರಡು ಪೆಗ್ ಹಾಕಿದರೆ ಧೈರ್ಯ ಬರಬಹುದು, ಹೆಚ್ಚಾದಷ್ಟೂ ಗಡಸು ಇಳಿಯುತ್ತದೆ.

ಗಡಸುತನಕ್ಕೆ ಕೊಡುವ ಸಿಲ್ಡೆನಾಫಿಲ್ (ವಯಾಗ್ರಾ) ಗುಳಿಗೆ ಒಳ್ಳೆಯ ಔಷಧವೇ, ಆದರೆ ವೈದ್ಯರು ಬರೆದುಕೊಟ್ಟರೆ ಮಾತ್ರ. ಕೂಡುವುದಕ್ಕೆ ಒಂದು ತಾಸು ಮೊದಲು ತೆಗೆದುಕೊಳ್ಳಬೇಕು. ಮಟನ್ ಊಟದ ಮೇಲೆ ನುಂಗಿದರೆ ತಡವಾಗಿ ಹತ್ತುತ್ತದೆ, ಅದನ್ನೇ "ಗುಳಿಗಿ ಹತ್ತಲಿಲ್ಲ" ಅನ್ನುತ್ತಾರೆ. ಗುಳಿಗೆ ತಾನೇ ಉದ್ರೇಕ ತರುವುದಿಲ್ಲ, ಮುಟ್ಟುವಿಕೆ ಬೇಕೇ ಬೇಕು. ಎದೆನೋವಿಗೆ ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಟ್ಟುಕೊಳ್ಳುವವರು ಇದನ್ನು ಎಂದೂ ನುಂಗಬಾರದು; ಬಿಪಿ ದಿಢೀರನೆ ಕುಸಿದು ಪ್ರಾಣಕ್ಕೆ ಕುತ್ತು. ರಸ್ತೆಬದಿಯ ಟೆಂಟಿನಲ್ಲಿ ಮಾರುವ ಜಡಿಬೂಟಿ ಪುಡಿಯಲ್ಲಿ ಇದೇ ಔಷಧ ಅಳತೆಯಿಲ್ಲದೆ ಬೆರೆತಿರಬಹುದು. ಧಾತು ಹೋಗಿ ನಿಶ್ಶಕ್ತಿ ಬಂತೆಂದು ಅವರು ಹುಟ್ಟಿಸುವ ಅಂಜಿಕೆಗೂ ಆಧಾರವಿಲ್ಲ. ವೀರ್ಯ ಪ್ರತಿ ಸಲ ಹೋಗುವುದು ಸುಮಾರು 1.5ರಿಂದ 5 ಮಿಲಿಲೀಟರ್, ಮೈ ಅದನ್ನು ಮತ್ತೆ ಮಾಡಿಕೊಳ್ಳುತ್ತದೆ.

ಎಣ್ಣೆ, ಜೆಲ್, ಭಂಗಿ

ಹೆಂಡತಿಗೆ ಒದ್ದೆಯಾಗುವ ಮೊದಲೇ ಒಳಹೊಕ್ಕರೆ ಇಬ್ಬರಿಗೂ ಉರಿ. ಹದಿನೈದು-ಇಪ್ಪತ್ತು ನಿಮಿಷ ಆಕೆಗೂ ಕೊಡಿ. ಬಹಳ ಹೆಂಗಸರಿಗೆ ಸುಖ ಸಿಗುವುದು ಯೋನಿಯ ಬಾಯಿಯ ಮೇಲ್ಗಡೆ ಹೊರಗಿರುವ ಚಂದ್ರನಾಡಿಯ (ಕ್ಲಿಟೋರಿಸ್) ಸ್ಪರ್ಶದಿಂದ. ಹೆರಿಗೆಯಾದವರಿಗೆ, ಮುಟ್ಟು ನಿಂತವರಿಗೆ ಒದ್ದೆ ಕಡಿಮೆಯಿರುತ್ತದೆ. ಔಷಧದಂಗಡಿಯಲ್ಲಿ ಸಿಗುವ ನೀರಿನ ಜೆಲ್ ಒಂದು ಚಮಚದಷ್ಟು ಸಾಕು. ಕೊಬ್ಬರಿ ಎಣ್ಣೆ ಕಾಂಡೋಮ್ ಜತೆ ಬೇಡ, ರಬ್ಬರು ಹರಿಯುತ್ತದೆ. ಬೇಗ ಆಗದಿರಲೆಂದು ಶಿಶ್ನಕ್ಕೆ ಮರಗಟ್ಟಿಸುವ ಸ್ಪ್ರೇ ಬಳಸಿದರೆ ಹತ್ತು ನಿಮಿಷ ಬಿಟ್ಟು ತೊಳೆಯಿರಿ, ಇಲ್ಲವಾದರೆ ಆಕೆಗೂ ಮರಗಟ್ಟುತ್ತದೆ. ಸೊಂಟನೋವು, ದೊಡ್ಡ ಹೊಟ್ಟೆ ಇರುವವರಿಗೆ ಇಬ್ಬರೂ ಮಗ್ಗುಲಾಗಿ, ಗಂಡ ಹಿಂದಿನಿಂದ ಕೂಡುವ ಭಂಗಿ ಹಗುರ.

ಮುಂದೊಗಲು ಹಿಂದೆ ಸರಿಯದೆ ನೋಯುತ್ತಿದ್ದರೆ ಒತ್ತಾಯದಿಂದ ಎಳೆಯಬೇಡಿ. ಬಹಳ ಸಲ ಮುಲಾಮಿನಲ್ಲೇ ಸರಿಹೋಗುತ್ತದೆ. ಅಲ್ಲಿ ಪದೇಪದೇ ಸೀಳು, ಕೆಂಪು, ತುರಿಕೆ ಆಗುತ್ತಿದ್ದರೆ ಶುಗರ್ ನೋಡಿಸಿ.

ವೈದ್ಯರಲ್ಲಿ ಹೋಗುವುದಾದರೆ ಬೆಳಗಾವಿಯಲ್ಲಿ ಬಿಮ್ಸ್ ಮತ್ತು ಕೆಎಲ್‌ಇ ಆಸ್ಪತ್ರೆ, ವಿಜಯಪುರದಲ್ಲಿ ಬಿಎಲ್‌ಡಿಇ, ಬಾಗಲಕೋಟೆಯಲ್ಲಿ ಕುಮಾರೇಶ್ವರ ಆಸ್ಪತ್ರೆ ಇವೆ. ಮನಸ್ಸಿನ ಅಂಜಿಕೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹೆಸರು ಹೇಳದೆಯೂ ಮಾತಾಡಬಹುದು. ನುಂಗುತ್ತಿರುವ ಗುಳಿಗೆಗಳ ಚೀಟಿ ಒಯ್ಯಿರಿ, ಏಕೆಂದರೆ ಬಿಪಿಯ ಮತ್ತು ಖಿನ್ನತೆಯ ಕೆಲವು ಔಷಧಗಳಿಂದಲೂ ಹೀಗಾಗುತ್ತದೆ. ನೀವಾಗಿಯೇ ನಿಲ್ಲಿಸಬೇಡಿ, ಬದಲಿ ಕೇಳಿ. ಟೆಸ್ಟೋಸ್ಟಿರಾನ್ ಪರೀಕ್ಷೆ ಇದ್ದರೆ ಬೆಳಗ್ಗೆ 11ರೊಳಗೆ ರಕ್ತ ಕೊಡಿ. ಗುಳಿಗೆ ನುಂಗಿದ ಮೇಲೆ ಗಡಸು ನಾಲ್ಕು ತಾಸು ಕಳೆದರೂ ಇಳಿಯದಿದ್ದರೆ ಬೆಳಗಾಗಲಿ ಎಂದು ಕಾಯದೆ, ನಾಚಿಕೆಪಡದೆ, ಆಗಲೇ ತುರ್ತು ಚಿಕಿತ್ಸೆಗೆ ಹೋಗಿ.